ಪಿಆರ್ ಉಳಿಸುದಾ, ಟೋಸ್ಟ್ ಹೇಳುದಾ?

ಕಂಕನಾಡಿಯ ನಮ್ಮ ಟ್ರಾವೆಲ್ಸ್ ಆಫೀಸಿಗೆ ಎಲ್ಲರೂ ಬರುದು ಊರು ಬಿಟ್ಟು ಹೋಗ್ಲಿಕ್ಕೆ. ಒಬ್ಬರು ಅಂಕಲ್ ಮಾತ್ರ ಬರುದು ಹೋಗುದನ್ನು ಮುಂದೆ ಹಾಕ್ಲಿಕ್ಕೆ. ಅವರಿಂದಾಗಿ ನಮಗೆ ನಗುವಿಗೆ ಬರಗಾಲ ಇಲ್ಲ.

ಅಂಕಲಿಗೂ ಆಂಟಿಗೂ ಕೆನಡಾದ ಪಿಆರ್, ಅಂದ್ರೆ ಅಲ್ಲಿ ಖಾಯಂ ಇರುವ ಪರ್ಮಿಟ್ ಉಂಟು, ಅಲ್ಲಿರುವ ಮಗಳು ಮಾಡಿಸಿದ್ದು. ಐದು ವರ್ಷದಲ್ಲಿ ಒಟ್ಟು ಎರಡು ವರ್ಷ ಅಲ್ಲಿ ಇರ್ಬೇಕು, ಇಲ್ಲದಿದ್ರೆ ಪಿಆರ್ ಹೋಗ್ಬಹುದು. ಆಂಟಿ ಮೊಮ್ಮಗಳನ್ನು ನೋಡ್ಕೊಂಡು ಅಲ್ಲೇ ಇದ್ದಾರೆ. ಅಂಕಲಿಗೆ ಟೋಸ್ಟಿನ ಮರ್ಲು. ಗ್ಲಾಸ್ ಹಿಡಿದು ಮದುಮಕ್ಕಳನ್ನು ಹೊಗಳುವ ಆ ಭಾಷಣ ಇಲ್ಲದೆ ಕೊಂಕಣಿ ಕ್ರಿಶ್ಚಿಯನ್ನರ ಮದುವೆ ಮುಗಿಯುದಿಲ್ಲ. ಅಂಕಲ್ ಹೇಳಿದ್ರೆ ಟೋಸ್ಟೇ ಮುಗಿಯುದಿಲ್ಲ. ಮದುವೆ ಸೀಸನ್ ಬಂತು ಅಂದ್ರೆ ಅಂಕಲ್ ಊರಿಗೆ ಬಂದ್ರು ಅಂತಲೇ ಲೆಕ್ಕ.

೧. ಅಟೆಂಡೆನ್ಸ್

"ಅಂಕಲ್, ದಿನ ಶಾರ್ಟೇಜ್ ಆಗ್ತದೆ," ಅಂದೆ. " ಈಗಲೇ ಹೋಗಿ ಅಲ್ಲಿ ಕೂತ್ರೆ ಮಾತ್ರ ಬಚಾವ್."

"ನೀನು ಹೇಳ್ತೀಯಾ? ನಿನ್ನನ್ನು ಕಾಲೇಜಿನವರು ಓಡಿಸಿದ್ದು ಎಂತಕ್ಕೆ?"

"ಅದಕ್ಕೇ ಹೇಳುದು. ಅಟೆಂಡೆನ್ಸ್ ವಿಷಯದಲ್ಲಿ ನನ್ನಷ್ಟು ಅನುಭವ ಈ ಆಫೀಸಿನಲ್ಲಿ ಯಾರಿಗುಂಟು?"

ಅಂಕಲ್ ಹತ್ತಿರ ಬಗ್ಗಿ ಮೆಲ್ಲ ಕೇಳಿದ್ರು, "ಅಲ್ಲಿ ಪ್ರಾಕ್ಸಿ ನಡೀತದಾ?"

೨. ಕೋಟು

ಇನ್ನೊಂದು ದಿನ ವಾದಕ್ಕೇ ಬಂದ್ರು. "ನನ್ನ ದೊಡ್ಡ ಕೋಟು ಅಲ್ಲೇ ನೇತಾಡ್ತಾ ಉಂಟು. ಬೂಟ್ಸ್ ಅಲ್ಲೇ. ಹಲ್ಲಿನ ಸ್ಪೇರ್ ಸೆಟ್ ಅಲ್ಲೇ. ಹೆಂಡತಿಯೂ ಅಲ್ಲೇ. ಆ ಕೆನಡಾದವರಿಗೆ ಇನ್ನೆಂತ ಬೇಕು?"

"ನೀವು, ಅಂಕಲ್."

"ಅದೊಂದು ಬಿಟ್ಟು ಬೇರೆ ಹೇಳು ಮಾರಾಯ."

೩. ಐಡಿಯಾ

ತನ್ನ ಅಕ್ಕನ ಮಗಳ ಮದುವೆಗೆ ಆಂಟಿ ಊರಿಗೆ ಬಂದ್ರು. ಅಂಕಲನ್ನು ಎಳ್ಕೊಂಡು ನೇರ ನಮ್ಮ ಆಫೀಸಿಗೆ. "ಮದುವೆ ದಿನ ಸಂಜೆಯ ಟಿಕೆಟ್ ಮಾಡು. ಇಬ್ಬರಿಗೂ! ಇದು ತಪ್ಪಿದ್ರೆ ಇವರ ಲೆಕ್ಕ ತುಂಬುದಿಲ್ಲ."

ಅಂಕಲ್ ಅಷ್ಟರಲ್ಲಿ ಒಂದು ಐಡಿಯಾ ಹುಡುಕಿದ್ರು. "ಹೆಂಡತಿ ಅಲ್ಲಿಯ ಸಿಟಿಜನ್ ಆದ್ರೆ, ಅವಳೊಟ್ಟಿಗೆ ಊರಲ್ಲಿ ಇದ್ದದ್ದೂ ಲೆಕ್ಕಕ್ಕೆ ಬರ್ತದಂತೆ. ಹೌದಾ?"

"ಹಾಗೊಂದು ರೂಲ್ಸ್ ಉಂಟು," ಅಂದೆ. ನನ್ನ ಬಾಯಿಗೆ ಬೀಗ ಇಲ್ಲ.

"ಕೇಳಿದ್ಯಾ? ನೀನು ಸಿಟಿಜನ್ ಆಗು. ಮತ್ತೆ ಇಬ್ಬರೂ ಇಲ್ಲೇ ಆರಾಮ."

ಆಂಟಿ ನನ್ನ ಕಡೆ ತಿರುಗಿದ್ರು. "ನೋಡು ಮಗಾ, ನಾನು ಅಲ್ಲಿ ಸ್ನೋ ಎತ್ತಿ ಸಿಟಿಜನ್ ಆಗ್ಬೇಕು, ಇವರು ಇಲ್ಲಿ ಬೂತಾಯಿ ಮೀನು ತಿಂದು ಪಿಆರ್ ಉಳಿಸ್ಬೇಕು!"

ಮತ್ತೆ ಅಂಕಲನ್ನು ನೋಡುವಾಗ ಅವರ ಸ್ವರ ಸಣ್ಣ ಆಯ್ತು. "ಪಿಆರ್ ಹೋದ್ರೆ ನಾನು ಅಲ್ಲಿ, ನೀವು ಇಲ್ಲಿ. ಅಜ್ಜ ಎಲ್ಲಿ ಅಂತ ಪುಟ್ಟಿ ಕೇಳಿದ್ರೆ ಎಂತ ಹೇಳುದು? ಟೋಸ್ಟ್ ಹೇಳ್ತಾ ಇದ್ದಾರೆ ಅಂತಾ?"

ಅಂಕಲ್ ಕಿಸೆಯಿಂದ ಪಾಸ್‌ಪೋರ್ಟ್ ತೆಗೆದು ನನ್ನ ಮೇಜಿನ ಮೇಲೆ ಇಟ್ರು. ಅವರ ಮನಸ್ಸು ತಿರುಗುವ ಮೊದಲು ನಾನು ಬೇಗ ಟಿಕೆಟ್ ಮಾಡಿಬಿಟ್ಟೆ.

೪. ಟೋಸ್ಟ್

ಮದುವೆ ದಿನ ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಯನ್ನು ಹಾಲ್ ಹೊರಗೆ ನಿಲ್ಲಿಸಿ ಒಳಗೆ ಹೋದೆ. ಸ್ಟೇಜಿನಲ್ಲಿ ಅಂಕಲ್ ಮದುಮಗಳ ಅಜ್ಜನ ಬಾಲ್ಯದಿಂದ ಶುರು ಮಾಡಿದವರು ಇನ್ನೂ ಅಪ್ಪ ಹುಟ್ಟುವಲ್ಲಿಗೂ ಬಂದಿರ್ಲಿಲ್ಲ. ನಾನು ದೂರದಿಂದ ವಿಮಾನದ ಹಾಗೆ ಕೈ ಆಡಿಸಿದೆ. ಅಂಕಲ್ ತಿರುಗಿ ಟಾಟಾ ಮಾಡಿದ್ರು. ಕೇಟರಿಂಗಿನವರು ಹಂದಿ ಪದಾರ್ಥ ಪುನಃ ಬಿಸಿಗೆ ಇಟ್ರು. ನಿಂತು ನಿಂತು ಮದುಮಗ ಗೋಡೆಗೆ ಒರಗಿದ.

ಕೊನೆಗೆ ಅಂಕಲ್ ಅವನ ಹೆಗಲಿಗೆ ಕೈ ಹಾಕಿದ್ರು. "ಮಗಾ, ಗಂಡ ಅಂದ್ರೆ ಎಂತ? ಹೆಂಡತಿ ಯಾವ ಊರಲ್ಲಿ ಇದ್ದಾಳೋ, ಗಂಡ ಅದೇ ಊರಲ್ಲಿ ಇರ್ಬೇಕು. ಅದು ಸಂಸಾರ!"

ಹಾಲ್ ಇಡೀ ಚಪ್ಪಾಳೆ. ಎದುರಿನ ಸಾಲಿನಲ್ಲಿ ಆಂಟಿ ಎದ್ದು ನಿಂತ್ರು. ಕೈಯಲ್ಲಿ ಎರಡು ಪಾಸ್‌ಪೋರ್ಟ್.

"ಕರೆಕ್ಟ್ ಹೇಳಿದ್ರಿ. ಬನ್ನಿ, ಟ್ಯಾಕ್ಸಿ ಬಂದಿದೆ."