ಹಂಚಿರುವ ಮನೆಯೇ ಬೇಕು

ನಮ್ಮ ಮನೆತನದಲ್ಲಿ ಯಾವ ಕೆಲಸವೂ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದಿಲ್ಲ. ಉಪ್ಪು ತರಲು ಹೋದವರು ಉಪ್ಪಿನಕಾಯಿ ತಂದು, ಅದಕ್ಕೊಂದು ಕಾರಣವನ್ನೂ ಹೇಳುವ ಮಂದಿ ನಾವು. ಹೀಗಿರುವಾಗ ಕಲಬುರಗಿಯಲ್ಲಿ ಕುಳಿತು, ಕಂಡರಿಯದ ಕಡಲ ದಂಡೆಯಲ್ಲಿ ನಾಲ್ಕು ದಿನದ ಮಟ್ಟಿಗೆ ಒಂದು ಮನೆ ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಿಂದೊಮ್ಮೆ ಮೊಬೈಲಿನಲ್ಲಿ ರೈಲಿನ ಟಿಕೆಟ್ಟು ತಪ್ಪಿಲ್ಲದೆ ತೆಗೆದಿದ್ದೆ. ಅಂದಿನಿಂದ ಬುಕಿಂಗ್ ಎಂದರೆ ನಾನೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ.

ಸ ಅಂದರೆ ಸಮುದ್ರ

ಇದಕ್ಕೆಲ್ಲ ಮೂಲ ನನ್ನ ಅಕ್ಕ. ಕಮಲಾಪುರದಲ್ಲಿ ಅಂಗನವಾಡಿ ಟೀಚರ್. ಅವ್ವ ತೀರಿಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಹಾಗಾಗಿ ಅವಳ ಮಾತೆಂದರೆ ನನಗೆ ಅವ್ವನ ಮಾತು. ಗೋಡೆಯ ಪಟ ತೋರಿಸಿ ‘ಸ, ಸಮುದ್ರ’ ಎಂದು ಊರ ಮಕ್ಕಳಿಗೂ, ಆಮೇಲೆ ಆ ಮಕ್ಕಳ ಮಕ್ಕಳಿಗೂ ಕಲಿಸಿದವಳು. ಇನ್ನೇನು ನಿವೃತ್ತಿ ಹತ್ತಿರ ಬಂತು ಅನ್ನುವಾಗ ಮುಂದಿನ ಸಾಲಿನ ಒಬ್ಬ ಪೋರಿ ಎದ್ದು ನಿಂತಳಂತೆ.

“ಟೀಚರ್, ಸಮುದ್ರದ ನೀರು ಉಪ್ಪು ಇರ್ತದ ಅಂತೀರಿ. ನೀವು ಬಾಯಾಗ ಹಾಕ್ಕೊಂಡು ನೋಡೀರೇನ್ರಿ?”

ಅಕ್ಕ ಸುಳ್ಳು ಹೇಳುವವಳಲ್ಲ. ಇಲ್ಲ ಎಂದಳು. ಪೋರಿ ಪಕ್ಕದವಳ ಕಡೆ ತಿರುಗಿ, ಟೀಚರಿಗೂ ಗೊತ್ತಿಲ್ಲಂತ ಎಂದು ಸಾರಿಬಿಟ್ಟಳು.

ಆ ಸಂಜೆ ಫೋನಿನಲ್ಲಿ ಅಕ್ಕನ ದನಿ ಸಣ್ಣದಾಗಿತ್ತು. “ತಂಗಿ, ರಿಟೈರ್ ಆಗೂದ್ರೊಳಗ ಒಮ್ಮಿ ಸಮುದ್ರ ನೋಡಬೇಕವ್ವ. ಆ ಹುಡುಗಿಗಿ ಉತ್ತರ ಹೇಳಬೇಕು. ಆದ್ರ ಒಂದು ಮಾತು, ರೊಟ್ಟಿ ಬಡಕೊಳ್ಳಾಕ ಅಡಗಿ ಮನಿ ಇರ್ಬೇಕು.”

ಆ ಒಂದು ಮಾತು ಸಣ್ಣದಲ್ಲ. ಜೋಳದ ರೊಟ್ಟಿ ಇಲ್ಲದೆ ಎರಡು ಹೊತ್ತು ಕಳೆದರೆ ಅಕ್ಕನಿಗೆ ತಲೆ ಸುತ್ತುತ್ತದೆ, ಮೂರನೆಯ ಹೊತ್ತಿಗೆ ಚೀಲ ಕಟ್ಟುತ್ತಾಳೆ. ಮೈಸೂರಿಗೆ ಹೋದಾಗ ಅರಮನೆಯನ್ನು ಗೇಟಿನಿಂದಲೇ ನೋಡಿ ಕಮಲಾಪುರದ ಬಸ್ಸು ಯಾವಾಗ ಎಂದು ಕೇಳಿದವಳು ಅವಳು.

ಖಾಲಿ ಸಮುದ್ರ

ಮೊದಲು ನಮ್ಮೂರಿನ ರೋಜಾ ಬಡಾವಣೆಯ ಹತ್ತಿರ ಯಾತ್ರೆಯ ಬಸ್ಸು ಬಿಡುವ ಒಬ್ಬ ಚಾಚಾ ಅವರನ್ನು ಕೇಳಿದೆ. ಪಾಪ, ಒಳ್ಳೆಯ ಮನುಷ್ಯ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ನಾವು ಹೋಗುವ ಕಡೆ ಗುಡಿ ಇದೆಯೋ ದರ್ಗಾ ಇದೆಯೋ ಎಂದು ವಿಚಾರಿಸಿದರು. ಎರಡೂ ಅಲ್ಲ, ಸಮುದ್ರ ಎಂದೆ.

“ಖಾಲಿ ಸಮುದ್ರ?”

ಹೌದೆಂದು ತಲೆಯಾಡಿಸಿದೆ. ಚಾಚಾ ಬಹಳ ಹೊತ್ತು ನನ್ನನ್ನೇ ನೋಡಿದರು. ಮನೆಯಲ್ಲಿ ಏನಾದರೂ ತೊಂದರೆ ಇದೆಯೇನೋ ಎಂಬ ಕನಿಕರ ಆ ನೋಟದಲ್ಲಿತ್ತು. ಕೊನೆಗೆ ಮೆತ್ತಗೆ ಹೇಳಿದರು. “ಹರಕಿ ಇಲ್ಲ, ಮನ್ನತ್ ಇಲ್ಲ, ಬರೇ ನೀರು ನೋಡಾಕ ಅಷ್ಟು ದೂರ ಯಾಕ ಹೋಗ್ತೀಯವ್ವ? ಮಳಿ ಆಗ್ಲಿ, ನಮ್ಮ ಕೋಟಿ ಸುತ್ತಿನ ಖಂದಕದಾಗ ಬೇಕಾದಷ್ಟು ನಿಲ್ತದ.”

ಸಮುದ್ರ ಬತ್ತುವ ಪ್ರಶ್ನೆ

ಮುಂದಿನ ಭಾನುವಾರ ಅಕ್ಕ ಒಂದು ಗೊನೆ ಕಮಲಾಪುರದ ಕೆಂಪು ಬಾಳೆಹಣ್ಣು ಹೊತ್ತುಕೊಂಡು ಕಲಬುರಗಿಯ ಅಂಚಿನ ಕುಸನೂರಿನ ನಮ್ಮ ಮನೆಗೆ ಬಂದಳು. ನಾನು, ನನ್ನ ಗಂಡ, ಅಕ್ಕ ಮೂವರೂ ಮೊಬೈಲಿನ ಸುತ್ತ ಕುಳಿತೆವು. ಮನೆಗಳ ಚಿತ್ರ ಒಂದರ ಹಿಂದೊಂದು ಬರುತ್ತಿದ್ದವು. ಎಲ್ಲ ಮನೆಗೂ ಅದೇ ಮುಳುಗುವ ಸೂರ್ಯ, ಅದೇ ಬಾಗಿದ ತೆಂಗಿನ ಮರ. ಮನೆಯವರೆಲ್ಲ ಸೇರಿ ಒಂದೇ ತೆಂಗಿನ ಮರ ಬಾಡಿಗೆಗೆ ತಂದಿರಬೇಕು ಅನ್ನಿಸಿತು.

ನನ್ನವರಿಗೆ ಮೊದಲು ನಾವೇ ಅಡುಗೆ ಮಾಡಿಕೊಳ್ಳಬೇಕು ಅನ್ನುವುದೇ ಸರಿಬರಲಿಲ್ಲ. ಬಾಡಿಗೆಯನ್ನೂ ಕೊಟ್ಟು ಪಾತ್ರೆಯನ್ನೂ ನಾವೇ ತಿಕ್ಕುವುದಾದರೆ ಅದು ರಜೆ ಹೇಗಾಯಿತು ಎಂದರು. ಮನೆಯಲ್ಲಿ ಪಾತ್ರೆ ತಿಕ್ಕುವವಳು ನಾನಾದ್ದರಿಂದ ಅವರಿಗೇಕೆ ಇಷ್ಟು ಸಂಕಟ ಎಂದು ತಿಳಿಯಲಿಲ್ಲ. ಆಮೇಲೆ ಈಜುಕೊಳ ಇದ್ದ ಒಂದು ಮನೆ ಅವರಿಗೆ ಹಿಡಿಸಿತು. ನೀಲಿ ನೀರು, ಅದರಾಚೆ ಸಮುದ್ರ. ಬಹಳ ಉಮೇದಿನಿಂದ ಅಕ್ಕನಿಗೆ ತೋರಿಸಿದರು.

ಅಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದಳು. “ಇಷ್ಟು ದೊಡ್ಡ ಸಮುದ್ರ ಬಾಜೂಕೇ ಇಟ್ಕೊಂಡು ಮತ್ತ ಹೊಂಡ ಯಾಕ ತೋಡ್ಯಾರ? ಬ್ಯಾಸಗಿಗಿ ಸಮುದ್ರ ಬತ್ತತದೇನು?”

ಆ ಮನೆ ಅಲ್ಲಿಗೇ ರದ್ದಾಯಿತು.

ಹಂಚು

ಕಡೆಗೆ ಒಂದು ಹಳೆಯ ಮನೆ ಮೂವರಿಗೂ ಒಪ್ಪಿಗೆಯಾಯಿತು. ಫೋನು ಎತ್ತಿದವರು ಮನೆಯ ಒಡತಿ, ಪಕ್ಕದಲ್ಲೇ ವಾಸವಂತೆ. ಬಿಸಿನೀರು ದಿನಪೂರ್ತಿ ಉಂಟು ಎಂದು ಹೆಮ್ಮೆಯಿಂದ ಹೇಳಿದರು. ಬೇಸಿಗೆಯಲ್ಲಿ ನಮ್ಮ ಕಲಬುರಗಿಯ ನಳಕ್ಕೆ ಕೈಯೊಡ್ಡಿದರೆ ಬೊಬ್ಬೆ ಏಳುತ್ತದೆ. ನಾನು ಗಾಬರಿಯಾಗಿ, ತಣ್ಣೀರು ಬರುತ್ತದೆಯೇ ಎಂದು ಕೇಳಿದೆ. ತಣ್ಣೀರೇ ಎಂದು ಅವರು ಎರಡು ಸಲ ಕೇಳಿದರು.

ಅಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡಳು. ಅವಳಿಗೆ ಬೇಕಾದದ್ದು ಒಂದೇ. ನಮ್ಮ ಕಡೆ ರೊಟ್ಟಿ ಬೇಯಿಸುವುದಕ್ಕೆ ಹಂಚು ಬೇಕು. ಅದಿಲ್ಲದ ಅಡುಗೆಮನೆ ಅಕ್ಕನ ಲೆಕ್ಕದಲ್ಲಿ ಬರೀ ಕೋಣೆ.

“ಮನ್ಯಾಗ ಹಂಚು ಅದ ಏನ್ರಿ?”

“ಹಂಚಾ? ಇಡೀ ಮನೆಗೆ ಹಂಚೇ ಅಮ್ಮ. ಅಜ್ಜನ ಕಾಲದ್ದು. ಈಗ ಅಂಥದ್ದು ಸಿಗುವುದಿಲ್ಲ.”

ಅಕ್ಕನ ಮುಖ ಅರಳಿತು. ಹಳೆಯ ಹಂಚಿನ ಮೇಲೆ ರೊಟ್ಟಿ ಉಬ್ಬಿದ ಹಾಗೆ ಹೊಸದರ ಮೇಲೆ ಉಬ್ಬುವುದಿಲ್ಲ ಎಂದು ನನಗೆ ಪಿಸುಗುಟ್ಟಿದಳು. ಆ ಕಡೆಯಿಂದ ಒಡತಿ ಮುಂದುವರಿಸಿದರು. ಮಂಗಗಳು ಹತ್ತಿ ಕುಣಿದು ಕೆಲವು ಒಡೆದುಹೋಗಿದ್ದವಂತೆ, ಈಗ ಬದಲಾಯಿಸಿದ್ದಾರಂತೆ, ಒಂದು ಹನಿಯೂ ಸೋರುವುದಿಲ್ಲವಂತೆ.

ಅಕ್ಕ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು. “ಭಾಳ ಛಲೋ ಮಂದಿ. ಆದ್ರ ಮಂಗ್ಯಾಗಳಿಗಿ ಅಡಗಿ ಮನಿ ತನಕ ಬಿಡ್ತಾರ ನೋಡು.”

ಮನೆ ಗೊತ್ತಾಯಿತು. ತನ್ನ ಹಂಚನ್ನು ಅಕ್ಕ ನಿಶ್ಚಿಂತೆಯಿಂದ ಕಮಲಾಪುರದಲ್ಲೇ ಬಿಟ್ಟಳು.

ಮೇಲೆ ನೋಡಿ

ಬಸ್ಸಿನ ಮೇಲೆ ಬಸ್ಸು ಹತ್ತಿ ಅಲ್ಲಿ ಮುಟ್ಟಿದಾಗ ಸಂಜೆ. ಅಲೆಯ ಸದ್ದು ಕೇಳುತ್ತಿತ್ತು, ತೋಪು ದಾಟಿದರೆ ಸಮುದ್ರ. ಅಕ್ಕ ಸಮುದ್ರದ ಕಡೆ ಹೋಗದೆ ಜೋಳದ ಹಿಟ್ಟಿನ ಚೀಲ ಹಿಡಿದು ಸೀದಾ ಅಡುಗೆಮನೆಗೆ ಹೋದಳು. ಕಪಾಟು ತೆಗೆದಳು, ಹಾಕಿದಳು. ಅಂಗೈಯಗಲದ ಒಂದು ಬಾಣಲಿ ಬಿಟ್ಟರೆ ಏನೂ ಇಲ್ಲ. ಬಾಗಿಲಿಗೆ ಬಂದು, ಬೀಗ ತೆಗೆದುಕೊಟ್ಟು ಅಂಗಳದಲ್ಲಿ ನಿಂತಿದ್ದ ಒಡತಿಯನ್ನು ಹಂಚು ಎಲ್ಲಿ ಎಂದು ಕೇಳಿದಳು.

ಒಡತಿ ಸಂತೋಷದಿಂದ ಸೂರಿನ ಕಡೆ ಬೆರಳು ಮಾಡಿದರು. “ಮೇಲೆ ನೋಡಿ ಅಮ್ಮ.”

ಅಕ್ಕ ನೋಡಿದಳು. ನಾವೂ ನೋಡಿದೆವು. ಮಾಡಿನ ತುಂಬ ಸಾಲು ಸಾಲಾಗಿ ಕೆಂಪು ಹಂಚು. ನನ್ನವರು ನಗು ತಡೆಯಲಾಗದೆ ಅಂಗಳದ ಬಾವಿಯ ಹಿಂದೆ ಹೋದರು. ನನಗೆ ಮಾತ್ರ ನಗು ಬರಲಿಲ್ಲ. ದಾರಿಯಲ್ಲಿ ಬುತ್ತಿಯ ರೊಟ್ಟಿ ಮುಗಿದಿತ್ತು. ಬೆಳಗಾದರೆ ಅಕ್ಕ ಚೀಲ ಕಟ್ಟುತ್ತಾಳೆ, ಪೋರಿಯ ಪ್ರಶ್ನೆ ಹಾಗೇ ಉಳಿಯುತ್ತದೆ.

ವಿಷಯ ತಿಳಿದು ಒಡತಿಗೆ ನಮಗಿಂತ ಹೆಚ್ಚು ಬೇಜಾರಾಯಿತು. ತಮ್ಮ ದೋಸೆಯ ಕಾವಲಿ ಕೊಡಬಹುದು, ಆದರೆ ಅದರಲ್ಲೇ ಮೀನೂ ಹುರಿಯುವುದು ಎಂದು ತಾವಾಗಿಯೇ ಹೇಳಿದರು. ಅಕ್ಕ ಮೀನು ಮುಟ್ಟುವವಳಲ್ಲ. ಆದರೆ ಅವಳ ಕಣ್ಣು ಮಾಡಿಗೆ ಹಾಕಿ ಉಳಿದು ಹಿತ್ತಲ ಗೋಡೆಗೆ ಒರಗಿಸಿಟ್ಟ ಹೊಸ ಹಂಚುಗಳ ಮೇಲೆ ನೆಟ್ಟಿತ್ತು.

“ಇದೂ ಮಣ್ಣೇ, ಇದೂ ಸುಟ್ಟದ್ದೇ. ಹಂಚಂದ್ರ ಹಂಚು,” ಎಂದು ಸೆರಗು ಸಿಕ್ಕಿಸಿದಳು.

ಒಡತಿ ತಾವೇ ಒಂದು ಹಂಚು ತೊಳೆದು ತಂದರು. ಮೂರು ಕಲ್ಲು, ತೆಂಗಿನ ಸಿಪ್ಪೆಯ ಬೆಂಕಿ. ಮೊದಲ ರೊಟ್ಟಿ ಹರಿಯಿತು. ಎರಡನೆಯದು ಉಬ್ಬಿತು. ತಿರುವಿ ನೋಡಿದರೆ ಅದರ ನಡುವೆ ಹಂಚಿನ ಕಾರ್ಖಾನೆಯ ಹೆಸರು ಉಲ್ಟಾ ಅಚ್ಚಾಗಿತ್ತು. ಒಡತಿ ನಮ್ಮ ಶೇಂಗಾ ಚಟ್ನಿಪುಡಿ, ಅದೇ ಹಿಂಡಿ, ಹಚ್ಚಿಕೊಂಡು ಅದನ್ನು ಓದುತ್ತಾ ಓದುತ್ತಾ ತಿಂದರು.

ಬೆಳಿಗ್ಗೆ ಅಕ್ಕ ಚೀಲ ಕಟ್ಟಲಿಲ್ಲ, ನನ್ನ ಕೈ ಹಿಡಿದುಕೊಂಡು ಸಮುದ್ರಕ್ಕೆ ಇಳಿದಳು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಬೊಗಸೆಯಲ್ಲಿ ತುಸು ಎತ್ತಿ ನಾಲಿಗೆಗೆ ಹಚ್ಚಿಕೊಂಡಳು. ಮುಖ ಕಿವುಚಿಕೊಂಡಳು, ಕಣ್ಣು ತುಂಬಿತು.

“ಖರೇನೇ ಉಪ್ಪದ ತಂಗಿ. ಇಷ್ಟು ವರ್ಷ ಹುಡುಗರಿಗಿ ಸುಳ್ಳು ಹೇಳಿಲ್ಲ ನಾ.”

ಅವಳನ್ನು ಕರೆತಂದದ್ದು ನಾನು ಎಂಬ ಹೆಮ್ಮೆ ಆ ಹೊತ್ತು ನನಗೆ ಬಹಳ ಆಯಿತು.

ಹೊರಡುವಾಗ ಒಡತಿ, ಮನೆಯ ಬಗ್ಗೆ ಮೊಬೈಲಿನಲ್ಲಿ ನಾಲ್ಕು ಮಾತು ಬರೆಯಿರಿ ಎಂದರು. ಅಕ್ಕ ಹೇಳಿದಳು, ನಾನು ಬರೆದೆ. ಈಗಲೂ ಅಲ್ಲಿದೆ, ಬೇಕಾದರೆ ಹುಡುಕಿ ನೋಡಿ: “ಹಂಚು ಭಾಳ ಛಲೋ ಅದ. ಸಮುದ್ರನೂ ಅಡ್ಡಿಯಿಲ್ಲ.”

ಉತ್ತರ

ಅಕ್ಕ ಒಂದು ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಕೊಂಡಿದ್ದಳು. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಳು; ನನ್ನವರು ಬಾಯಾರಿಕೆ ಅಂದಾಗಲೆಲ್ಲ ಅದನ್ನು ಸೆರಗಿನಲ್ಲಿ ಮುಚ್ಚಿಡುತ್ತಿದ್ದಳು.

ರಜೆ ಮುಗಿದು ಅಂಗನವಾಡಿ ತೆರೆದ ದಿನ ಸಂಜೆ ಅವಳ ಫೋನು ಬಂತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಮಕ್ಕಳನ್ನೆಲ್ಲ ಸುತ್ತ ಕೂಡ್ರಿಸಿಕೊಂಡು, ಅಲೆ ಹೇಗೆ ಬರುತ್ತದೆ, ಕಾಲ ಕೆಳಗಿನ ಮರಳು ಹೇಗೆ ಜಾರುತ್ತದೆ ಎಂದು ಕೈಮಾಡಿ ತೋರಿಸಿದಳಂತೆ. ಆಮೇಲೆ ಆ ಪೋರಿಯನ್ನೇ ಮುಂದೆ ಕರೆದು, ಅವಳ ಬೆರಳ ತುದಿಗೆ ಒಂದು ಹನಿ ನೀರು ಬಿಟ್ಟಳಂತೆ. ಪೋರಿ ನೆಕ್ಕಿದಳು. ಎಲ್ಲರೂ ಉಸಿರು ಹಿಡಿದು ನೋಡಿದರು.

ಅವಳು ಬಾಟಲಿಯನ್ನು ನೋಡಿ, ಟೀಚರನ್ನು ನೋಡಿ, ಕೊನೆಗೆ ಹೇಳಿದಳಂತೆ:

“ಟೀಚರ್, ಇದಕ್ಕ ಉಪ್ಪು ನೀವೇ ಹಾಕೀರಿ.”

ಅಕ್ಕ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

“ಆ ಮನಿ ಮತ್ತ ಬುಕ್ ಮಾಡು ತಂಗಿ. ಪೋರಿನ್ನೂ ಅವ್ರವ್ವನ್ನೂ ಕರ್ಕೊಂಡು ಹೋಗೋಣು,” ಎಂದಳು. ಫೋನು ಇಡುವ ಮೊದಲು ಮತ್ತೆ ನೆನಪಾಯಿತು. “ಹಂಚು ಒಯ್ಯೂದು ಬ್ಯಾಡ. ಅಲ್ಲಿ ಅದ.”