ಮೂರನೆಯ ಕುಳ್ಳ

ನನಗೆ ಆತ್ಮವಿಶ್ವಾಸ ಸ್ವಲ್ಪ ಹೆಚ್ಚು. ಇದನ್ನು ನಾನೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ನನ್ನ ಹೆಂಡತಿ ವಸಂತಾಮಣಿ ಈ ಗುಣಕ್ಕೆ ಇಟ್ಟಿರುವ ಹೆಸರು ಬೇರೆ. ಅದು ತಮಿಳಿನಲ್ಲಿದೆ, ಬರೆಯುವಂಥದ್ದಲ್ಲ. ಸೋಲೆಂದರೆ ಏನೆಂದೇ ಗೊತ್ತಿಲ್ಲ ಎಂದು ಜಂಭ ಕೊಚ್ಚುವವರಿದ್ದಾರೆ. ನಾನು ಅಷ್ಟು ಸುಳ್ಳುಗಾರನಲ್ಲ. ಸೋಲು ನನಗೂ ಬರುತ್ತದೆ. ಆದರೆ ಬಂದದ್ದು ಸೋಲು ಎಂದು ನನಗೆ ತಿಳಿಯುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದು ಅದರ ಬಿಸಿ ಆರಿಹೋಗಿರುತ್ತದೆ. ಕಾಲೇಜು ಹಾಸ್ಟೆಲ್ಲಿನ ಚದುರಂಗ ಪಂದ್ಯದಲ್ಲಿ ಎರಡನೆಯ ಸ್ಥಾನ ಗಳಿಸಿದವನು ನಾನು. ಮೊದಲನೆಯವನಿಗೆ ಆ ವರ್ಷ ಗ್ರಹಗತಿ ಚೆನ್ನಾಗಿತ್ತು, ಅಷ್ಟೆ.

ಎಂಬತ್ತರ ದಶಕದ ಮಾತು. ನಾನು ಮೈಸೂರು ಕಡೆಯವನು. ಕೊಯಮತ್ತೂರಿನ ಹೊರಗೆ ತುಡಿಯಲೂರಿನಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದೆ. ಹೆಂಡತಿಯ ಮನೆಯವರು ಎಷ್ಟೋ ತಲೆಮಾರಿನಿಂದ ಅಲ್ಲೇ ನೆಲೆಸಿದ ಕನ್ನಡದ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಹೊಸ್ತಿಲ ಮೇಲೆ ಎರಡೂ. ಆ ಮನೆಯಲ್ಲಿ ಕನ್ನಡ ಅಕ್ಷರ ಓದಲು ಬರುವವರು ಒಬ್ಬರೂ ಇಲ್ಲ. ಅದಕ್ಕೇ ನಾನು ಇದನ್ನೆಲ್ಲ ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು. ವಸಂತಾ ಒಬ್ಬಳೇ ಮಗಳು, ಗಾಂಧಿಪುರಂನ ಗಲ್ಲಿಯಲ್ಲಿದ್ದ ಮನೆಯೋ ದೊಡ್ಡದು, ಹೀಗಾಗಿ ಮದುವೆಯಾದ ಮೇಲೆ ನಾನು ಅಲ್ಲೇ ಉಳಿದೆ. ಊಟ ಚೆನ್ನಾಗಿತ್ತು. ಬೇರೆ ಯಾವ ಕೊರತೆಯೂ ಇರಲಿಲ್ಲ, ಕಾರ್ಖಾನೆಯ ಷಣ್ಮುಗಂ ಒಬ್ಬನನ್ನು ಬಿಟ್ಟು. ಲೇತ್ ಯಂತ್ರದ ಮುಂದೆ ನಿಲ್ಲುವ ಈ ಆಸಾಮಿ ದಿನಾ ನನ್ನ ಡಬ್ಬಿಯತ್ತ ಕತ್ತು ಚಾಚಿ, "ಎನ್ನ ಸಾರ್, ವೀಟ್ಟೋಡ ಮಾಪ್ಪಿಳ್ಳೈಕ್ಕು ಇನ್ನೈಕ್ಕು ಎನ್ನ ಸ್ಪೆಷಲ್?" ಎಂದು ಕೇಳುತ್ತಿದ್ದ. ಮನೆಯಳಿಯನಿಗೆ ಇವತ್ತು ಏನು ವಿಶೇಷ ಎಂದು. ಸುತ್ತಲಿದ್ದವರು ನಗುತ್ತಿದ್ದರು. ಮೈಸೂರಿನಿಂದ ಅಮ್ಮನೂ ಅದನ್ನೇ ಕಾಗದದಲ್ಲಿ ಬರೆಯುತ್ತಿದ್ದಳು: "ಹೆಣ್ಣು ಕೊಟ್ಟವರ ಮನೆಯಲ್ಲಿ ಎಷ್ಟು ದಿನ ಅಂತ ಬಿದ್ದಿರುತ್ತೀಯ? ನಾಲ್ಕು ಜನಕ್ಕೆ ಮುಖ ತೋರಿಸೋದು ಹೇಗೆ?" ನನಗೆ ನಿಜವಾಗಿಯೂ ಅವಮಾನವಾಗುತ್ತಿತ್ತು. ಹೇಗಾದರೂ ಮಾಡಿ ತುಡಿಯಲೂರಿನಲ್ಲಿ ನನ್ನದೇ ಒಂದು ಬಾಡಿಗೆ ಮನೆ ಮಾಡಬೇಕೆಂದು ತೀರ್ಮಾನಿಸಿದೆ. ಅದಕ್ಕೆ ಅತ್ತೆಯ ಒಪ್ಪಿಗೆ ಬೇಕಾಗಿತ್ತು. ಮಾವನದು ಏನೂ ತಕರಾರಿರಲಿಲ್ಲ. ಅವರು ಮದುವೆಯಾದಂದಿನಿಂದ ಯಾವುದಕ್ಕೂ ತಕರಾರು ಮಾಡಿದವರಲ್ಲ.

ಇಂಥ ಹೊತ್ತಿನಲ್ಲಿ ಒಂದು ಬ್ಯಾಟರಿ ಆಟದ ಪೆಟ್ಟಿಗೆ ನಮ್ಮ ಮನೆಗೆ ಬಂತು. ಮಾವ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಟಿಂಗ್ ಮಾಸ್ಟರ್. ಸರಕು ನೋಡಲು ಬಂದ ಜಪಾನಿನವನೊಬ್ಬ ಅವರ ಕೈಚಳಕಕ್ಕೆ ಮೆಚ್ಚಿ ಅದನ್ನು ಕೊಟ್ಟು ಹೋಗಿದ್ದ. ಸೋಪಿನ ಡಬ್ಬಿಯಷ್ಟಿತ್ತು. ನಡುವೆ ಬೂದಿ ಬಣ್ಣದ ಗಾಜು, ಅದರಲ್ಲಿ ಇರುವೆಗಳಂತೆ ಓಡಾಡುವ ಕಪ್ಪು ಬೊಂಬೆಗಳು. ಎಡಗಡೆ ನಮ್ಮ ಕೋಟೆ, ಬಲಗಡೆ ರಾಕ್ಷಸನ ಕೋಟೆ, ನಡುವೆ ಒಂದು ಸೇತುವೆ. ರಾಕ್ಷಸನ ಹತ್ತಿರ ಬೆಂಕಿಯುಗುಳುವ ರೆಕ್ಕೆಯ ಪ್ರಾಣಿಯೊಂದಿತ್ತು. ಅತ್ತೆ ಅದಕ್ಕೆ 'ರೆಕ್ಕೆಪಲ್ಲಿ' ಎಂದು ಹೆಸರಿಟ್ಟರು, ನೋಡಿದರೆ ಹಲ್ಲಿಯ ಹಾಗೇ ಇತ್ತು. ಒತ್ತುವುದಕ್ಕೆ ಮೂರು ಗುಂಡಿಗಳು. ಕುಡುಗೋಲಿನ ಚಿತ್ರದ್ದನ್ನು ಒತ್ತಿದರೆ ನಮ್ಮ ಆಳುಗಳು ಪೈರು ಕೊಯ್ದು ಕಣಜ ತುಂಬುತ್ತಾರೆ, ಇಟ್ಟಿಗೆಯದ್ದು ಒತ್ತಿದರೆ ಗೋಡೆ ಕಟ್ಟುತ್ತಾರೆ, ಕತ್ತಿಯದ್ದು ಒತ್ತಿದರೆ ಸೈನಿಕರು ಹೊರಡುತ್ತಾರೆ. ಜೊತೆಗಿದ್ದ ಪುಸ್ತಕ ಪೂರ್ತಿ ಜಪಾನಿಯಲ್ಲಿತ್ತು. ನನ್ನಂಥವನಿಗೆ ಪುಸ್ತಕ ಯಾಕೆ? ಕತ್ತಿ ಒತ್ತಿದೆ.

ಚದುರಂಗದಲ್ಲಿ ಒಂದು ಮರ್ಯಾದೆ ಇದೆ. ನಾನು ಗಲ್ಲಕ್ಕೆ ಕೈಕೊಟ್ಟು ಅರ್ಧ ಗಂಟೆ ಯೋಚಿಸಿದರೂ ಎದುರಾಳಿ ತನ್ನ ಸರದಿಗೆ ಸುಮ್ಮನೆ ಕೂತಿರಬೇಕು. ಈ ರಾಕ್ಷಸನಿಗೆ ಸರದಿ ಗಿರದಿ ಏನೂ ಇಲ್ಲ. ನಾನು ಯೋಚಿಸುತ್ತಿರುವಾಗಲೇ ಅವನ ಹಲ್ಲಿ ಹಾರಿ ಬಂದು ಗೋಡೆ ಕೆಡವುತ್ತದೆ, ನನ್ನ ಸೈನಿಕರು ಸೇತುವೆಯ ನಡುವೆ ಹಸಿವಿನಿಂದ ಬೀಳುತ್ತಾರೆ. ಆಗಾಗ ಆ ಕಡೆಯಿಂದ ಒಬ್ಬ ಕುಳ್ಳ ಸೇತುವೆ ದಾಟಿ ನಮ್ಮ ಬಾಗಿಲಿಗೆ ಬರುತ್ತಿದ್ದ. ಅವನನ್ನು ನಾನು ತಪ್ಪದೆ ಕತ್ತಿಯಿಂದ ಕೊಚ್ಚಿಹಾಕುತ್ತಿದ್ದೆ. ಅಷ್ಟಾದರೂ ಗೆದ್ದ ಸಮಾಧಾನ ಬೇಡವೇ? ಆಮೇಲೆ ಹಲ್ಲಿ ಎರಡರಷ್ಟು ಸಿಟ್ಟಿನಿಂದ ಬರುತ್ತಿತ್ತು, ಪೆಟ್ಟಿಗೆ ಮೂರು ಸಲ ಅಳುಮೋರೆಯ ರಾಗ ಹಾಡಿ ನಿಂತುಬಿಡುತ್ತಿತ್ತು. ಗುಂಡಿ ಸಡಿಲ ಎಂದೆ. ಕಿಟಕಿಯ ಬಿಸಿಲು ಗಾಜಿಗೆ ಹೊಡೆಯುತ್ತದೆ ಎಂದೆ. "ಜಪಾನಿನವ್ರು ನಿಮ್ಮನ್ನ ನೋಡಿದ್ರೆ ಇನ್ನೊಂದು ಗುಂಡಿ ಇಟ್ಟಿರೋರು, ನೆಪ ಹೇಳೋಕೆ," ಎಂದಳು ವಸಂತಾ.

ಅತ್ತೆ ಇದನ್ನೆಲ್ಲ ಅವರೆಕಾಯಿ ಸುಲಿಯುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಮೂವತ್ತು ವರ್ಷ ಕೈಮಗ್ಗದಲ್ಲಿ ಕೂತವರು. ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ, ಕಣ್ಣು ನೂರು ಎಳೆಗಳ ಮೇಲೆ. ಬೆಳಿಗ್ಗೆ ನಲ್ಲಿಯಲ್ಲಿ ಸಿರುವಾಣಿ ಹೊಳೆಯ ಸಿಹಿನೀರು ಬರುವುದು ಒಂದೇ ಗಂಟೆ. ಅಷ್ಟರಲ್ಲಿ ಹದಿನಾಲ್ಕು ಕೊಡ ತುಂಬಿ, ಹಾಲು ಉಕ್ಕದಂತೆ ನೋಡಿ, ಹೂವಿನವಳ ಜೊತೆ ಜಗಳವಾಡಿ, ನನ್ನ ಡಬ್ಬಿ ಕಟ್ಟುತ್ತಿದ್ದರು. ಅದೂ ಅವಸರವಿಲ್ಲದೆ. ಒಂದು ದಿನ ತಡೆಯಲಾರದೆ ಕೇಳಿದರು. "ಏನ್ ಮಾಪ್ಳೆ, ಆ ಕುಳ್ಳನ್ನ ಏತಕ್ಕೆ ಕೊಲ್ತೀರಿ? ಪಾವಂ, ಅವ್ನ ಕೈಲಿ ಕತ್ತಿ ಇಲ್ಲ, ತಡಿ ಇಲ್ಲ. ಖಾಲಿ ಪೈ ಇಟ್ಕೊಂಡು ಬಂದವ್ನೆ."

"ಅತ್ತೆ, ಅದು ಯುದ್ಧತಂತ್ರ. ನಿಮಗೆ ಗೊತ್ತಾಗೋದಿಲ್ಲ. ಅವನು ಶತ್ರುವಿನ ಗೂಢಚಾರ," ಎಂದೆ. ತಡಿ ಎಂದರೆ ಅವರ ಮಾತಿನಲ್ಲಿ ದೊಣ್ಣೆ, ಪೈ ಎಂದರೆ ಚೀಲ. ಕಣ್ಣು ಕಿರಿದು ಮಾಡಿ ನೋಡಿದೆ, ಕುಳ್ಳನ ಹೆಗಲ ಮೇಲೆ ಎಂಥದೋ ಒಂದು ಜೋತಾಡುತ್ತಿದ್ದದ್ದು ನಿಜ. ಆದರೂ ಕೊಚ್ಚಿದೆ.

ಆ ಭಾನುವಾರ ಊಟವಾದ ಮೇಲೆ ತುಡಿಯಲೂರಿನ ವಿಷಯ ಎತ್ತಿದೆ. ಎರಡು ಕೋಣೆ, ಅಡುಗೆಮನೆ, ಮುಂದೆ ಕಬ್ಬಿಣದ ಗೇಟು, ಕಾರ್ಖಾನೆಗೆ ನಡೆದೇ ಹೋಗಬಹುದು. ಮಾವ ಪೇಪರಿನೊಳಗೆ ಮಾಯವಾದರು. ವಸಂತಾ ನನ್ನ ಮುಖವನ್ನೂ ತಾಯಿಯ ಮುಖವನ್ನೂ ನೋಡಿದಳು. ಅತ್ತೆಯ ಕಣ್ಣು ತುಂಬಿತು. ಅದನ್ನು ನೋಡಿ ಮಾತು ವಾಪಸು ತೆಗೆದುಕೊಳ್ಳೋಣ ಎನಿಸಿತು, ಆದರೆ ಷಣ್ಮುಗಂನ ಮುಖ ನೆನಪಾಗಿ ಎದೆ ಗಟ್ಟಿಮಾಡಿಕೊಂಡೆ. ಕೈಯಲ್ಲಿದ್ದ ಪೆಟ್ಟಿಗೆ ಎತ್ತಿ ಹಿಡಿದು, "ಒಂದು ಪಂದ್ಯ ಕಟ್ಟೋಣ ಅತ್ತೆ. ಈ ರಾಕ್ಷಸನ ಕೋಟೆ ನಾನು ಹಿಡಿದರೆ ತುಡಿಯಲೂರು. ನೀವು ಹಿಡಿದರೆ ಗಾಂಧಿಪುರಂ, ಇನ್ನು ಈ ಮಾತೇ ಎತ್ತೋದಿಲ್ಲ," ಎಂದುಬಿಟ್ಟೆ. ಆ ಪೆಟ್ಟಿಗೆಯನ್ನು ಒಮ್ಮೆಯೂ ಮುಟ್ಟದ ಹೆಂಗಸು. ಗೆಲುವು ನನ್ನ ಜೇಬಿನಲ್ಲೇ ಇದ್ದಂತಿತ್ತು.

ಮೊದಲು ನಾನು ಆಡಿದೆ. ಅದರ ವಿವರ ಬೇಡ. ಆ ದಿನ ಬಿಸಿಲು ಜಾಸ್ತಿಯಿತ್ತು.

ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿ, ಗೋಡೆಯ ಮೇಲಿನ ಕ್ಯಾಲೆಂಡರ್ ಹಾಳೆ ನೋಡಿದರು. "ನಾಲ್ಕೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಮುಗಿಸ್ಬುಡ್ತೀನಿ," ಎಂದು ಚಕ್ಕಳಮಕ್ಕಳ ಹಾಕಿ ಕೂತರು. ಕುಡುಗೋಲು ಒತ್ತಿದರು. ಮತ್ತೆ ಕುಡುಗೋಲು. ಹಲ್ಲಿ ಬಂದರೆ ಇಟ್ಟಿಗೆ, ಹೋದರೆ ಕುಡುಗೋಲು. "ಕತ್ತಿ! ಕತ್ತಿ ಒತ್ತಿ ಅತ್ತೆ!" ಎಂದು ನಾನು ಕೂಗಿದೆ, ಎದುರಾಳಿ ಎಂಬುದನ್ನೂ ಮರೆತು. "ಸುಮ್ನಿರಿ ಮಾಪ್ಳೆ. ಮೊದ್ಲು ಮನೇಲಿ ಅಕ್ಕಿ ಇರ್ಲಿ," ಎಂದರು. ಕಣಜ ತುಂಬಿತು. ಕುಳ್ಳ ಬಂದ. ಅತ್ತೆ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡರು. ಕುಳ್ಳ ಬಾಗಿಲೊಳಗೆ ಬಂದು, ಕಣಜದ ಪಕ್ಕದಲ್ಲಿ ಕೂತು, ತಿಂದ! ಪೆಟ್ಟಿಗೆ ಇದುವರೆಗೆ ನಾನು ಕೇಳದ ಒಂದು ರಾಗ ಹಾಡಿತು. ರಾಕ್ಷಸನ ಗೋಡೆಯ ಒಂದು ತುಂಡು ತಾನಾಗಿಯೇ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಕುಳ್ಳ ಬಂದ, ಅವನೂ ಕೂತ. ಮೂರನೆಯವನು ಬರುವಾಗ ಖಾಲಿ ಚೀಲದ ಜೊತೆ ಕೈಯಲ್ಲಿ ಒಂದು ಬೀಗದ ಕೈ ಹಿಡಿದಿದ್ದ. ಅದನ್ನು ನಮ್ಮ ಬಾಗಿಲಲ್ಲಿ ಒಪ್ಪಿಸಿದ್ದೇ ತಡ, ರಾಕ್ಷಸನ ಕೋಟೆಯ ಕದ ಹಾರುಹೊಡೆಯಿತು, ಹಲ್ಲಿ ರೆಕ್ಕೆ ಮಡಚಿತು, ಮೂವರು ಕುಳ್ಳರೂ ಕಣಜದ ಸುತ್ತ ಕುಣಿಯತೊಡಗಿದರು. ಅತ್ತೆ ಒಂದು ಸಲವೂ ಕತ್ತಿ ಮುಟ್ಟಿರಲಿಲ್ಲ. ಗಂಟೆ ನಾಲ್ಕಾಗಿತ್ತು.

ನಾನು ಪೆಟ್ಟಿಗೆ ತೆಗೆದುಕೊಂಡು ಹಿಂದುಮುಂದು ತಿರುಗಿಸಿ ನೋಡಿದೆ. ಮಾವ ಪೇಪರಿನಿಂದ ಹೊರಬಂದು ಚಪ್ಪಾಳೆ ತಟ್ಟಿದರು. ಆಗ ಅತ್ತೆ ಆಡಿದ ಮಾತು ಮಾತ್ರ ನಾನು ಎಣಿಸಿದ್ದಲ್ಲ. "ಗೆದ್ದದ್ದು ಗೆದ್ದಾಯ್ತು. ನೀವು ತುಡಿಯಲೂರಿಗೆ ಹೋಗಿ ಮಾಪ್ಳೆ. ಆಸೆ ಮನಸ್ನಲ್ಲಿ ಇಟ್ಕೊಂಡು ಇಲ್ಲಿ ಕೂತ್ರೆ ತಿಂದ ಸೋರು ಮೈಗೆ ಒಟ್ಟಾದು. ನಲ್ಲ ದಿನ ನೋಡಿ ಹಾಲು ಕಾಯ್ಸೋಣ." ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಒಳ್ಳೆಯ ದಿನ ನೋಡಿ ಹೊಸ ಮನೆಯಲ್ಲಿ ಹಾಲು ಉಕ್ಕಿಸೋಣ ಎಂದು. ನನ್ನ ಆತ್ಮವಿಶ್ವಾಸದ ಮುಂದೆ ಗೆದ್ದವರೂ ಬಗ್ಗುತ್ತಾರೆ ಎಂದುಕೊಂಡೆ. ವಸಂತಾ ಮಾತ್ರ ತಾಯಿಯನ್ನು ಸ್ವಲ್ಪ ಅನುಮಾನದಿಂದ ನೋಡುತ್ತಿದ್ದಳು.

ತುಡಿಯಲೂರಿನ ಮನೆ ಹೊಕ್ಕೆವು. ಷಣ್ಮುಗಂನನ್ನು ಕರೆದು ಗೇಟು ತೋರಿಸಿದೆ. ಎರಡು ಸಲ ತೆರೆದು ಎರಡು ಸಲ ಮುಚ್ಚಿದೆ. ಎಲ್ಲ ಸರಿಯಾಗಿತ್ತು, ನೀರೊಂದು ಬಿಟ್ಟು. ಅಲ್ಲಿಗೆ ಸಿರುವಾಣಿ ನೀರಿಲ್ಲ, ಬೋರಿನ ಉಪ್ಪುನೀರು. ಅದರಲ್ಲಿ ತೊಗರಿಬೇಳೆ ಬೆಳಿಗ್ಗೆ ಇಟ್ಟರೆ ಮಧ್ಯಾಹ್ನಕ್ಕೂ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಆದರೆ ಪ್ರತಿ ಭಾನುವಾರ ಮಾವ ಟೌನ್ ಬಸ್ಸಿನಲ್ಲಿ ತೂಕ್ಕುಪೋಸಿ ಹಿಡಿದು ಬರುತ್ತಿದ್ದರು. ಹಿಡಿ ಇರುವ ಆ ಸ್ಟೀಲು ಪಾತ್ರೆಗೆ ಕೊಯಮತ್ತೂರಿನಲ್ಲಿ ಇದೇ ಹೆಸರು. ಒಂದು ವಾರ ಅದರಲ್ಲಿ ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿದ ಅರಿಸಿಪರುಪ್ಪು ಅನ್ನ, ಮೇಲೆ ತುಪ್ಪ. ಇನ್ನೊಂದು ವಾರ ಹುರುಳಿ ಸಾರು. "ಅಮ್ಮ ಕೊಟ್ಲು," ಎಂದಷ್ಟೇ ಮಗಳಿಗೆ ಹೇಳಿ ಹೊರಡುತ್ತಿದ್ದರು. ಜಗಳವಿಲ್ಲ, ಬುದ್ಧಿಮಾತಿಲ್ಲ, ಬನ್ನಿ ಎಂದು ಕರೆದದ್ದೂ ಇಲ್ಲ.

ಎರಡನೆಯ ತಿಂಗಳಲ್ಲಿ ವಸಂತಾ, "ಈ ನೀರಲ್ಲಿ ಪರುಪ್ಪು ಬೇಯಲ್ಲ. ಅಮ್ಮನ ಮನೇಲಿ ಬೇಯಿಸ್ಕೊಂಡು ಬಂದ್ಬುಡ್ತೀನಿ," ಎಂದು ಶುಕ್ರವಾರ ಹೋದಳು. ಸೋಮವಾರ ಬಂದಳು. ಮುಂದಿನ ಶುಕ್ರವಾರ ಹೋದವಳು ಗುರುವಾರ ಬಂದಳು. ಅಷ್ಟರಲ್ಲಿ ನನ್ನ ಅಮ್ಮ ಮಗನ ಸ್ವಂತ ಸಂಸಾರ ನೋಡಲು ಹೆಮ್ಮೆಯಿಂದ ಮೈಸೂರಿನಿಂದ ಬಂದಳು. ನನಗೆ ಕಾಗದ ಬರೆದ ಅದೇ ಅಮ್ಮ! ಎರಡು ದಿನ ಗೇಟು ಹೊಗಳಿದಳು. ಮೂರನೆಯ ದಿನ, "ಬೀಗಿತ್ತಿಯನ್ನ ಮಾತಾಡಿಸಿಕೊಂಡು ಬರ್ತೀನಿ ಕಣೋ. ಮರ್ಯಾದೆ ಅಲ್ಲವಾ," ಎಂದು ವಸಂತಾಳ ಜೊತೆ ಬಸ್ಸು ಹತ್ತಿದಳು. ಒಂದು ವಾರವಾಯಿತು. ಕೊನೆಗೆ ಮಾವ ಪೋಸಿಯ ಜೊತೆ ಅವಳ ಚೀಟಿ ತಂದರು: "ಇಲ್ಲಿ ನೀರು ಬಹಳ ಚೆನ್ನಾಗಿದೆ. ನನ್ನ ಮಂಡಿನೋವು ವಾಸಿಯಾಗಿದೆ. ನೀನು ಗೇಟು ಸರಿಯಾಗಿ ಹಾಕಿಕೋ."

ಗೇಟು ಸರಿಯಾಗಿ ಹಾಕಿಕೊಂಡೆ. ಒಳಗೆ ನಾನು ಮತ್ತು ಬೇಯದ ಬೇಳೆ. ಆ ವಾರ ಷಣ್ಮುಗಂ ಕೂಡ ನನ್ನ ಡಬ್ಬಿ ನೋಡಿ ಏನೂ ಅನ್ನಲಿಲ್ಲ. ತನ್ನ ಡಬ್ಬಿಯಿಂದ ಒಂದು ಇಡ್ಲಿ ತೆಗೆದು ನನ್ನದಕ್ಕೆ ಹಾಕಿದ. ಅದು ನನಗೆ ಅವನ ಎಲ್ಲ ತಮಾಷೆಗಿಂತ ಹೆಚ್ಚು ಚುಚ್ಚಿತು. ಮುಂದಿನ ಭಾನುವಾರ ಮಾವ ಬರಲೇ ಇಲ್ಲ. ಮಧ್ಯಾಹ್ನದವರೆಗೆ ಕಾದೆ. ತೊಳೆದಿಟ್ಟ ಪೋಸಿ ಕಣ್ಣಿಗೆ ಬಿತ್ತು. ಇನ್ನೊಬ್ಬರ ಪಾತ್ರೆ ಮನೆಯಲ್ಲಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸವಲ್ಲ, ಕೊಟ್ಟು ಬಂದರಾಯಿತು ಎಂದುಕೊಂಡು ಮನೆಗೆ ಬೀಗ ಹಾಕಿ ಬಸ್ಸು ಹತ್ತಿದೆ. ಬೇರೆ ಉದ್ದೇಶವೇನೂ ಇರಲಿಲ್ಲ.

ಗಾಂಧಿಪುರಂ ಮನೆಯ ಕದ ತೆರೆದೇ ಇತ್ತು. ಒಳಗೆ ಅತ್ತೆಯೂ ನನ್ನ ಅಮ್ಮನೂ ತಲೆಗೆ ತಲೆ ತಾಗಿಸಿ ಪೆಟ್ಟಿಗೆಯ ಮೇಲೆ ಬಾಗಿದ್ದರು. "ಒತ್ತಬೇಡಿ ಬೀಗಿತ್ತಿ, ಬರ್ಲಿ ಬಿಡಿ ಪಾಪ," ಎನ್ನುತ್ತಿದ್ದಳು ಅಮ್ಮ. ವಸಂತಾ ಎಲೆ ಹಾಕುತ್ತಿದ್ದಳು. ಒಟ್ಟು ಐದು ಎಲೆ ಹಾಕಿದ್ದಳು, ನಾನು ಬರುವುದನ್ನು ಯಾರಿಗೂ ಹೇಳದಿದ್ದರೂ. ಅತ್ತೆ ಎದ್ದು ಬಂದು ನನ್ನ ಕೈಯಿಂದ ಖಾಲಿ ಪೋಸಿ ತೆಗೆದುಕೊಂಡರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಎಷ್ಟು ಇಳ್ದು ಹೋಗಿದ್ದೀರಿ ಮಾಪ್ಳೆ," ಎಂದರು. ಅವರಿಗೆ ನಿಜವಾಗಿಯೂ ಅಳು ಬಂದಿತ್ತು. ಆಮೇಲೆ ಕೈ ಚಾಚಿ ಕೇಳಿದರು. "ಆ ಮನೆ ಚಾವಿ ಎಲ್ಲಿ?"

ಜೇಬಿಗೆ ಕೈ ಹಾಕಿ, ಚಾವಿ ತೆಗೆದು, ಅವರ ಅಂಗೈ ಮೇಲೆ ಇಟ್ಟೆ. ಇಟ್ಟ ಮೇಲೆ ನನಗೆ ನೆನಪಾಯಿತು, ಇದನ್ನು ನಾನು ಹಿಂದೆ ಒಂದು ಸಲ ನೋಡಿದ್ದೇನೆ ಎಂದು. ಮೊದಲು ವಸಂತಾ. ಆಮೇಲೆ ಅಮ್ಮ. ಅತ್ತೆ ಚಾವಿಯನ್ನು ಕ್ಯಾಲೆಂಡರಿನ ಮೊಳೆಗೆ ನೇತುಹಾಕಿ, "ನಾಳೆ ಏಳೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಸಾಮಾನು ತಂದ್ಬುಡಿ," ಎಂದರು.

ಹೀಗೆಂದ ಮಾತ್ರಕ್ಕೆ ನಾನು ಸೋತೆ ಎಂದು ನೀವು ತಿಳಿಯಬಾರದು. ಆ ಆಟದಲ್ಲಿ ಗೆದ್ದವರು ಗುಂಡಿ ಒತ್ತುತ್ತ ಕೂತೇ ಇರಬೇಕು. ಕೊನೆಯಲ್ಲಿ ಕಣಜದ ಸುತ್ತ ಕುಣಿಯುವವರು ಕುಳ್ಳರು. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಎಲೆಯ ಮುಂದೆ ಕೂತು, ಎರಡನೆಯ ಸಲ ತುಪ್ಪ ಹಾಕಿಸಿಕೊಂಡೆ.