ಬೆಂಡೆಕಾಯಿಯ ಲೋಳೆ ಮತ್ತು ಹಾಜಿಯವರ ಶವರ್ಮಾ ಯಂತ್ರ

ನಮ್ಮ ಹೋಟೆಲಿನಿಂದ ನಗದೆ ಮನೆಗೆ ಹೋದ ದಿನ ನನಗೆ ನೆನಪಿಲ್ಲ. ನಗಿಸಬೇಕೆಂದು ಅಲ್ಲಿ ಯಾರೂ ಏನೂ ಮಾಡುವುದಿಲ್ಲ. ಎಲ್ಲರೂ ಬಹಳ ಗಂಭೀರವಾಗಿ ಕೆಲಸ ಮಾಡುತ್ತಾರೆ, ಆಗುವುದೆಲ್ಲ ಅದರಿಂದಲೇ.

ದುಬೈಯ ಕರಾಮದಲ್ಲಿ ದೋಸೆ ಸಿಗದ ಗಲ್ಲಿ ಇಲ್ಲ. ಹಾಗಾಗಿ ನಮ್ಮ ಯಜಮಾನರು, ಬಂಟ್ವಾಳದ ಕಡೆಯ ಬ್ಯಾರಿ ಹಾಜಿಯವರು, ಯಾರೂ ಮಾಡದ್ದನ್ನು ಮಾಡುವ ಎಂದು ಅಮೆರಿಕದ ಊಟದ ಹೋಟೆಲ್ ತೆರೆದರು. ಬರ್ಗರ್ ಅಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ಅಮೆರಿಕದ ತೆಂಕು ಭಾಗದ ಮನೆಯೂಟ. ಅಡುಗೆಗೆ ಮಂಗಳೂರಿನ ಕೊಂಕಣಿ ಕ್ರೈಸ್ತರೊಬ್ಬರು. ಊರಿನಲ್ಲಿ ಕರೆಯುವ ಹಾಗೆ ಇಲ್ಲೂ ಅವರು ನಮಗೆಲ್ಲ ಪೊರ್ಬುಗಳು. ಬಂದವರನ್ನು ಕೂರಿಸಿ ಮೆನು ವಿವರಿಸುವುದು ನನ್ನ ಕೆಲಸ. ನಾನು ಉಡುಪಿಯವಳು, ಮೀನು ಮಾಂಸ ಮುಟ್ಟುವವಳಲ್ಲ. ರುಚಿ ವರ್ಣಿಸಲಿಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಹಾಜಿಯವರು ಮುಂದಾಲೋಚನೆಯ ಮನುಷ್ಯ. ಹೋಟೆಲ್ ತೆರೆದ ದಿನವೇ, ಕಂಬಿಗೆ ಮಾಂಸ ಚುಚ್ಚಿ ಸುಡುವ ಒಂದು ಶವರ್ಮಾ ಯಂತ್ರ ತಂದು, ಮೂಲೆಯಲ್ಲಿಟ್ಟು, ಬಟ್ಟೆ ಹೊದಿಸಿದರು. "ರಂಜಾನ್ ತನಕ ನೋಡುವ. ಜನ ಬರದಿದ್ದರೆ ಅಮೆರಿಕ ಖಲಾಸ್, ಶವರ್ಮಾ ಶುರು" ಎಂದರು. ಶವರ್ಮಾ ಶುರುವಾದರೆ ಅದಕ್ಕೆ ಬೇರೆ ಅಡುಗೆಯವರು ಬರುತ್ತಾರೆ, ಪೊರ್ಬುಗಳು ವೀಸಾ ರದ್ದು ಮಾಡಿಸಿಕೊಂಡು ಹೊರಡಬೇಕು. ಅವರು ದಿನಾ ಬೆಳಿಗ್ಗೆ ಆ ಬಟ್ಟೆಯನ್ನೊಮ್ಮೆ ನೋಡಿ, ಶಿಲುಬೆಯ ಗುರುತು ಮಾಡಿಕೊಂಡು ಒಲೆ ಹಚ್ಚುತ್ತಿದ್ದರು.

ತೆಗೆದದ್ದನ್ನು ವಾಪಸ್ ಹಾಕಿ

ಪಾಠ ಹೇಳಲು ಅಮೆರಿಕದ ಮೇಡಂ ಒಬ್ಬರು ಲ್ಯಾಪ್‌ಟಾಪಿನಲ್ಲಿ ಬರುತ್ತಿದ್ದರು. ಮೊದಲ ಪಾಠ ಗಂಬೋ. ಏಡಿ, ಸಿಗಡಿ, ಬೆಂಡೆಕಾಯಿ ಹಾಕಿದ ಗಟ್ಟಿ ಸಾರು, ಅನ್ನದ ಮೇಲೆ ಸುರಿದು ತಿನ್ನುವಂಥದ್ದು. ಬೆಂಡೆ ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನರ ಜೊತೆ ಬಂದದ್ದು, ಹಿಟ್ಟು ಹುರಿದು ಹಾಕುವುದು ಫ್ರೆಂಚರದ್ದು, ಅಕ್ಕಿ ಮತ್ತು ಏಡಿ ಅಲ್ಲಿನ ಗದ್ದೆ ಹಳ್ಳದ್ದು ಎಂದು ಮೇಡಂ ವಿವರಿಸಿದರು.

"ಅಂದರೆ ದುಬೈಯ ಹಾಗೆಯೇ, ಎಲ್ಲ ಹೊರಗಿಂದ ಬಂದವರು" ಎಂದು ಪೊರ್ಬುಗಳು ತಲೆಯಾಡಿಸಿದರು.

ಮರುದಿನ ಅವರು ಮಾಡಿದ ಗಂಬೋವನ್ನು ಸೌಟಿನಲ್ಲಿ ಎತ್ತಿ ಲ್ಯಾಪ್‌ಟಾಪಿಗೆ ತೋರಿಸಿದರೆ ಅದು ನಮ್ಮ ತಿಳಿಸಾರಿನ ಹಾಗೆ ಇಳಿಯಿತು.

"ಬೆಂಡೆಕಾಯಿಯ ಲೋಳೆ ಎಲ್ಲಿ?" ಎಂದರು ಮೇಡಂ.

"ಒಂದು ಚೂರೂ ಇಲ್ಲ ಮೇಡಂ" ಎಂದು ಪೊರ್ಬುಗಳು ಎದೆಯುಬ್ಬಿಸಿದರು. "ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಹುರಿದು, ಹುಣಸೆಹುಳಿ ಹಿಂಡಿದ್ದೇನೆ."

"ಸಾರು ಗಟ್ಟಿಯಾಗುವುದೇ ಆ ಲೋಳೆಯಿಂದ. ಅದು ಬೇಕು."

ಪೊರ್ಬುಗಳು ಸ್ಟೂಲಿನ ಮೇಲೆ ಕೂತುಬಿಟ್ಟರು. "ಲೋಳೆ ಉಳಿಸಿದ್ದಕ್ಕೆ ನನ್ನ ಅಮ್ಮ ಸೌಟಿನಲ್ಲಿ ಹೊಡೆದಿದ್ದಾರೆ ಮಾರಾಯ್ತಿ. ಇವರು ಅದನ್ನೇ ಕೇಳಿ ತೆಗೆದುಕೊಳ್ಳುತ್ತಾರಲ್ಲ."

ಒಗ್ಗರಣೆ

ಗ್ರಿಟ್ಸ್ ಅಂದರೆ ಬಿಳಿ ಮುಸುಕಿನ ಜೋಳದ ರವೆಯನ್ನು ಬೆಣ್ಣೆ ಹಾಕಿ ಬೇಯಿಸಿದ್ದು. ಒಂದು ಶನಿವಾರ ಬೆಂಗಳೂರಿನ ಸಂಸಾರವೊಂದು ಬಂತು. ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿಗೆ ಸಸ್ಯಾಹಾರವೆಂದು ನಾನು ಅದನ್ನೇ ಕೊಡಿಸಿದೆ. ಅಜ್ಜಿ ಒಂದು ಚಮಚ ಬಾಯಿಗಿಟ್ಟು ನನ್ನನ್ನು ಹತ್ತಿರ ಕರೆದರು.

"ಒಗ್ಗರಣೆ ಹಾಕೋದು ಮರ್ತಿದ್ದೀರ ಕಣಮ್ಮ."

"ಅಜ್ಜೀ, ಇಟ್ಸ್ ನಾಟ್ ಉಪ್ಪಿಟ್ಟು" ಎಂದಳು ಮೊಮ್ಮಗಳು.

"ಅಮೆರಿಕದಲ್ಲಿ ಹೀಗೇ ತಿನ್ನುತ್ತಾರಂತೆ" ಎಂದು ನಾನೂ ಸಮಜಾಯಿಷಿ ಕೊಟ್ಟೆ.

"ಪಾಪ, ಅವ್ರಿಗೆ ಹೇಳಿಕೊಡೋರು ಯಾರೂ ಇಲ್ವಾ?" ಎಂದು ಅಜ್ಜಿ ನೇರ ಅಡುಗೆಮನೆಗೆ ನಡೆದರು. ತಡೆಯುವ ಧೈರ್ಯ ಪೊರ್ಬುಗಳಿಗೂ ಬರಲಿಲ್ಲ. ಸಾಸಿವೆ, ಕರಿಬೇವು, ಹಸಿಮೆಣಸಿನ ಘಮ ಹಾಲ್ ಪೂರ್ತಿ ತುಂಬಿತು. ಪಕ್ಕದ ಮೇಜಿನ ಫಿಲಿಪೀನಿ ದಂಪತಿ ಮೆನು ಮುಚ್ಚಿಟ್ಟು, ಅಜ್ಜಿಯ ತಟ್ಟೆ ತೋರಿಸಿ, "ನಮಗೂ ಅದೇ ಅಸಲಿ ಅಮೆರಿಕದ್ದು" ಎಂದರು.

ಅಸಲಿ ಅಮೆರಿಕನ್

ರಂಜಾನ್ ಹತ್ತಿರ ಬಂತು, ಮೇಜುಗಳು ಅರ್ಧ ಖಾಲಿ. ಅಮೆರಿಕದವರೇ ತಿಂದು ಹೇಳಲಿ ಎಂದು ಹಾಜಿಯವರು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮೊಂದರಿಂದ ಒಬ್ಬ ಮ್ಯಾನೇಜರನ್ನು ಹಿಡಿದು ತಂದರು. ಆತ ಗಂಬೋವನ್ನು ಚಮಚದಲ್ಲಿ ತಿರುವಿ, "ಇದೇನು?" ಎಂದು ನನ್ನನ್ನೇ ಕೇಳಿದ.

"ನಿಮ್ಮ ದೇಶದ್ದೇ ಸರ್."

"ನಮ್ಮದು ತೀರಾ ಉತ್ತರ. ಹಿಮ, ಆಲೂಗಡ್ಡೆ, ಕೆರೆ ಮೀನು, ಅಷ್ಟೇ. ಬೆಂಡೆಕಾಯಿಯನ್ನು ನಾನು ಮೊದಲು ಕಂಡದ್ದೇ ದುಬೈಯಲ್ಲಿ."

ಹಾಜಿಯವರಿಗೆ ರೇಗಿತು. "ಅಮೆರಿಕದವನಿಗೆ ಅಮೆರಿಕದ ಊಟ ಗೊತ್ತಿಲ್ಲ ಅಂದರೆ ಎಂತ ಇದು?"

"ಹಾಜಿಯವರೇ, ನಿಮಗೆ ಲಿಟ್ಟಿ ಮಾಡಲಿಕ್ಕೆ ಬರುತ್ತದಾ?" ಎಂದರು ಪೊರ್ಬುಗಳು.

"ಅದೆಂತದ್ದು?"

"ಭಾರತದ್ದೇ. ಬಿಹಾರದಲ್ಲಿ ದಿನಾ ತಿನ್ನುತ್ತಾರೆ."

ಹಾಜಿಯವರು ಬಟ್ಟೆ ಹೊದ್ದ ಯಂತ್ರದ ಕಡೆ ನೋಡಿದರು. ಮ್ಯಾನೇಜರ್ ಮಾತ್ರ ಹೋಗುವಾಗ, ತನ್ನ ಆಫೀಸಿನಲ್ಲಿ ಗಂಬೋದ ಸೀಮೆಯ ಹೆಂಗಸೊಬ್ಬಳಿದ್ದಾಳೆ, ಭಾನುವಾರ ಕಳಿಸುತ್ತೇನೆ ಎಂದ.

ಭಾನುವಾರ

ಆ ದಿನ ಪೊರ್ಬುಗಳು ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದವರು ನೇರ ಒಲೆಯ ಹತ್ತಿರ ಹೋದರು. "ಇವತ್ತು ಆ ಗಂಬೋ ಸೀಮೆಯವರು ಒಲ್ಲೆ ಅಂದರೆ ನಾಳೆ ಯಂತ್ರಕ್ಕೆ ಕರೆಂಟು" ಎಂದು ಹಾಜಿಯವರು ಹೇಳಿಯಾಗಿತ್ತು. ಮಧ್ಯವಯಸ್ಸಿನ ಆ ಹೆಂಗಸು ಬಂದು ಕೂತರು. ನಾನು ಬೋಗುಣಿ ತಂದಿಟ್ಟೆ. ಇಡುವಾಗಲೇ ಕಣ್ಣಿಗೆ ಬಿತ್ತು. ಗಂಬೋ ತಿಳಿಸಾರಾಗಿತ್ತು. ಹೆದರಿಕೆಯಲ್ಲಿ ಪೊರ್ಬುಗಳ ಕೈ ಲ್ಯಾಪ್‌ಟಾಪ್ ಮೇಡಂ ಹೇಳಿದ್ದೆಲ್ಲ ಮರೆತು ಅಮ್ಮನ ಕಾಲಕ್ಕೆ ಹೋಗಿಬಿಟ್ಟಿತ್ತು. ಬೆಂಡೆ ಒರೆಸಿ, ಹುರಿದು, ಹುಳಿ ಹಿಂಡಿಯಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವರ ಮುಖ ನೋಡಿದರೆ ಅವರಿಗೂ ಅದು ಆಗಲೇ ಹೊಳೆದ ಹಾಗಿತ್ತು. ನನಗೆ ಅಳುವೇ ಬಂತು.

ಆಕೆ ಒಂದು ಚಮಚ ತಿಂದರು. ಇನ್ನೊಂದು ತಿಂದರು. ಆಮೇಲೆ ಚಮಚ ಕೆಳಗಿಟ್ಟು, "ನನ್ನ ಅಮ್ಮ ಮಾಡುತ್ತಿದ್ದ ಹಾಗೆ ಇಲ್ಲ" ಎಂದರು.

ಹಾಜಿಯವರು ಯಂತ್ರದ ಬಟ್ಟೆಗೆ ಕೈ ಹಾಕಿದರು.

"ಚಿಕ್ಕಂದಿನಲ್ಲಿ ಆ ಲೋಳೆ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ" ಎಂದು ಆಕೆ ಮುಂದುವರಿಸಿದರು. "ತಿನ್ನದಿದ್ದರೆ ಅಮ್ಮ ಸೌಟು ಹಿಡಿದು ಬರುತ್ತಿದ್ದಳು. ಇಷ್ಟು ವರ್ಷಕ್ಕೆ ನಾನು ಗಂಬೋವನ್ನು ಇಷ್ಟಪಟ್ಟು ತಿಂದದ್ದು ಇವತ್ತೇ. ಇನ್ನೊಂದು ಬೋಗುಣಿ ಕೊಡಿ. ಮುಂದಿನ ವಾರ ನಮ್ಮ ಊರಿನವರನ್ನೆಲ್ಲ ಕರೆತರುತ್ತೇನೆ."

ಹೊರಡುವಾಗ ಆಕೆ ಮೂಲೆಯತ್ತ ಬೆರಳು ತೋರಿಸಿ, ಬಟ್ಟೆಯ ಕೆಳಗೇನಿದೆ ಎಂದು ಕೇಳಿದರು. "ಅದಾ? ಯಾರೋ ಇಟ್ಟು ಹೋದದ್ದು" ಎಂದರು ಹಾಜಿಯವರು.

ಪೊರ್ಬುಗಳು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದರು. "ಹಾಜಿಯವರೇ, ಆ ಲ್ಯಾಪ್‌ಟಾಪ್ ಮೇಡಂಗೆ ಒಂದು ಫೋನ್ ಮಾಡಿ. ಬೆಂಡೆಕಾಯಿ ಒರೆಸುವುದು ಹೇಗೆಂದು ನಾನು ಕಲಿಸುತ್ತೇನೆ."